ದೈವಕರೆಯನ್ನು ಗುರುತಿಸುವುದು ಹೇಗೆ? ಕೊಡಗಿನ ಕಥೋಲಿಕ ಯುವಜನರಿಗೆ

ದೈವಕರೆ ಅಂದ ಕೂಡಲೇ ಫಾದರ್ ಆಗುವುದು, ಸಿಸ್ಟರ್ ಆಗುವುದು ಎಂದಷ್ಟೇ ಹೆಚ್ಚಿನ ಮನೆಗಳಲ್ಲಿ ತಿಳಿದಿದ್ದಾರೆ. ಮೊದಲ ಕರೆ ದೀಕ್ಷಾಸ್ನಾನದಲ್ಲೇ ಎಲ್ಲರಿಗೂ ಬಂದಾಗಿದೆ, ಪವಿತ್ರರಾಗಿ ಬಾಳಿ ಎಂದು. ಲೋಕದ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇದನ್ನು ಬಿಡಿಸಿ ಹೇಳಿತು. ಮದುವೆಯಾಗಿಯೋ, ಗುರುವಾಗಿಯೋ (ಫಾದರ್), ಮಠದಲ್ಲೋ, ಮದುವೆಯಿಲ್ಲದೆ ಸೇವೆಯಲ್ಲೋ ಎಂಬುದು ಆಮೇಲಿನ ಪ್ರಶ್ನೆ. ಅದಕ್ಕೆ ಒಂದು ವರ್ಷವಾದರೂ ಕೊಡಿ.

ಕೊಡಗಿನಲ್ಲಿ ಇದಕ್ಕೆ ಒಳ್ಳೆಯ ಆರಂಭ ರೊಬಸ್ಟಾ ಕಾಫಿ ಕೊಯ್ಲು ಮುಗಿಯುವ ಮಾರ್ಚ್ ಹೊತ್ತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲವೂ ಆಸುಪಾಸಿನಲ್ಲೇ ಬರುತ್ತದೆ. ಮಳೆಗಾಲದ ಉದ್ದ ಸಂಜೆಗಳು ಓದಿಗೂ ಪ್ರಾರ್ಥನೆಗೂ ಸಿಗುತ್ತವೆ. ಕೊಯ್ಲಿನ ಗಡಿಬಿಡಿಯಲ್ಲಿ, ಮೈ ದಣಿದಾಗ, ದೊಡ್ಡ ತೀರ್ಮಾನ ಬೇಡ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ತಪ್ಪಿಸಬಾರದು. ಬೆಳಿಗ್ಗೆ ಹತ್ತು ನಿಮಿಷ ಒಂದೇ ವಾಕ್ಯಭಾಗವನ್ನು ವಾರವಿಡೀ ಓದಿ: ಮೊದಲು ಸಮುವೇಲನ ಮೊದಲನೇ ಗ್ರಂಥದ 3ನೇ ಅಧ್ಯಾಯ, ಆಮೇಲೆ ಯೊವಾನ್ನ 1:35–39, ಮಾರ್ಕ 10:17–22. ಸಮುವೇಲನಿಗೂ ಕರೆದದ್ದು ಯಾರೆಂದು ಮೊದಲ ಸಲಕ್ಕೇ ಗೊತ್ತಾಗಲಿಲ್ಲ, ಏಲಿ ತಿಳಿಸಿಕೊಡಬೇಕಾಯಿತು. ರಾತ್ರಿ ಹತ್ತು ನಿಮಿಷ ನೋಟ್‌ಬುಕ್‌ನಲ್ಲಿ ಎರಡೇ ಸಾಲು: ಇವತ್ತು ಯಾವುದು ನನ್ನನ್ನು ದೇವರ ಹತ್ತಿರ ಒಯ್ದಿತು, ಯಾವುದು ದೂರ ಮಾಡಿತು? ಉದಾಹರಣೆಗೆ, 'ಭಾನುವಾರ. ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳಿಗೆ ಧರ್ಮೋಪದೇಶ. ಹೋಗುವಾಗ ಬೇಸರ, ಬಂದ ಮೇಲೆ ಹಗುರ, ಸೋಮವಾರ ಬೆಳಿಗ್ಗೆಯೂ ಹಗುರ.' ಇಲ್ಲಿ ಮುಖ್ಯವಾದದ್ದು ಕೊನೆಯ ತುಂಡು. ಧ್ಯಾನಕೂಟದ ಹಾಡಿನಲ್ಲಿ ಉಕ್ಕುವ ಕಣ್ಣೀರು ಮನೆಗೆ ಬರುವಷ್ಟರಲ್ಲಿ ಆರಬಹುದು. ಮರುದಿನಕ್ಕೂ ಉಳಿದು, ತಿಂಗಳುಗಟ್ಟಲೆ ಅದೇ ದಿಕ್ಕಿಗೆ ಮರಳಿ ಬರುವ ನೆಮ್ಮದಿಯನ್ನು ನಂಬಿ. ಮನಸ್ಸು ಒಣಗಿದಾಗ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬೇಡಿ ಎಂಬುದು ಯೇಸುಸಭೆ ಸ್ಥಾಪಿಸಿದ ಸಂತ ಇಗ್ನಾಸಿಯವರ ನಿಯಮ. ಹೆಚ್ಚಿನವರು ಎಡವುವುದೂ ಅಲ್ಲೇ.

ಒಬ್ಬರೇ ಒಬ್ಬ ಮಾರ್ಗದರ್ಶಕರನ್ನು ಹಿಡಿಯಿರಿ. ಊರಿನ ಫಾದರ್ ಆಗಬಹುದು, ಅನುಭವಿ ಸಿಸ್ಟರ್ ಆಗಬಹುದು. ತಿಂಗಳಿಗೊಮ್ಮೆ ನೋಟ್‌ಬುಕ್ ಹಿಡಿದುಕೊಂಡು ಹೋಗಿ, ತಿಂಗಳಿಗೊಮ್ಮೆ ಪಾಪನಿವೇದನೆ ಮಾಡಿ. ಐದಾರು ಜನರನ್ನು ಕೇಳುತ್ತಾ ಹೋದರೆ ಕೊನೆಗೆ ನಿಮಗೆ ಬೇಕಾದ ಉತ್ತರ ಕೊಟ್ಟವರೇ ಮಾರ್ಗದರ್ಶಕರಾಗಿಬಿಡುತ್ತಾರೆ.

ಕರೆಯಲ್ಲದ್ದು ಕರೆಯಂತೆ ಕಾಣುವುದುಂಟು. ಪ್ರೀತಿ ಮುರಿದುಬಿತ್ತು, ಪಿಯುಸಿ ಫೇಲಾಯಿತು, ಮನೆಯ ಜಗಳ ಸಾಕಾಯಿತು, ಇವುಗಳಿಂದ ಓಡಿಹೋಗಲು ಮಠ ಜಾಗವಲ್ಲ. ಇನ್ನೊಂದು, ತಾಯಿ ಹೊತ್ತ ಹರಕೆ. 'ಮಗು ಉಳಿದರೆ ದೇವರಿಗೆ ಕೊಡುತ್ತೇನೆ' ಎಂದ ತಾಯಿಯ ಭಕ್ತಿ ನಿಜವಾದದ್ದೇ, ಆದರೆ ಆ ಹರಕೆ ಮಗನನ್ನು ಕಟ್ಟಿಹಾಕುವುದಿಲ್ಲ. ಜೀವನಸ್ಥಿತಿ ಆರಿಸಿಕೊಳ್ಳುವುದರಲ್ಲಿ ಯಾರ ಒತ್ತಾಯವೂ ಇರಬಾರದೆಂದು ಧರ್ಮಸಭೆಯ ಕಾನೂನಿನ 219ನೇ ವಿಧಿ ಹೇಳುತ್ತದೆ. ಒತ್ತಾಯದಿಂದ ನೊವಿಶಿಯೇಟ್ (ವ್ರತ ಹಿಡಿಯುವ ಮುನ್ನ ಮಠದಲ್ಲಿ ಕಳೆಯುವ ತರಬೇತಿಯ ಕಾಲ) ಸೇರಿದರೆ ಆ ಪ್ರವೇಶವೇ ಅಸಿಂಧು. ತೀರಿಸಲಾಗದ ಸಾಲವಿದ್ದವರನ್ನೂ ನೊವಿಶಿಯೇಟ್‌ಗೆ ಸೇರಿಸಿಕೊಳ್ಳುವಂತಿಲ್ಲ. ಆದ್ದರಿಂದ ಸಂಘದ ಸಾಲದಲ್ಲಿ ನಿಮ್ಮ ಹೆಸರಿದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಮನಸ್ಸು ಗುರುಪಟ್ಟದ ಕಡೆ ಇದ್ದರೆ ಒಂದು ಪ್ರಶ್ನೆಯನ್ನು ಬೇಗ ಬಗೆಹರಿಸಿಕೊಳ್ಳಿ: ಧರ್ಮಕ್ಷೇತ್ರಕ್ಕೋ (ಒಬ್ಬ ಬಿಷಪರ ಆಡಳಿತದ ಪ್ರದೇಶ), ಧಾರ್ಮಿಕ ಸಭೆಗೋ? ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದು. ಮೈಸೂರು, ಮಂಡ್ಯ, ಚಾಮರಾಜನಗರವೂ ಅದರಲ್ಲೇ ಇವೆ. ಈ ಜನರ ನಡುವೆಯೇ ದುಡಿಯುವ ಆಸೆಯಿದ್ದರೆ ಧರ್ಮಕ್ಷೇತ್ರ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ಹಿಡಿದು ಸಮುದಾಯದಲ್ಲಿ ಬಾಳುತ್ತಾ, ಕಳಿಸಿದಲ್ಲಿಗೆ ಹೋಗುವ ಮನಸ್ಸಿದ್ದರೆ ಧಾರ್ಮಿಕ ಸಭೆ. ಆತುರ ಬೇಡ. ಗುರುದೀಕ್ಷೆಗೆ ಕನಿಷ್ಠ 25 ವರ್ಷ ತುಂಬಿರಬೇಕು, ಅದಕ್ಕೂ ಮುನ್ನ ತತ್ವಶಾಸ್ತ್ರ, ದೇವಶಾಸ್ತ್ರ ಸೇರಿ ಆರು ಪೂರ್ಣ ವರ್ಷಗಳ ಓದು. ಸಿಸ್ಟರ್ ಆಗುವವರಿಗೆ ನೊವಿಶಿಯೇಟ್ ಪ್ರವೇಶಕ್ಕೆ 17 ತುಂಬಿರಬೇಕು, ನೊವಿಶಿಯೇಟ್ ಕನಿಷ್ಠ 12 ತಿಂಗಳು, ಆಮೇಲೆ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತ. ಸೇರುವ ಮುನ್ನ ಕೆಲವು ದಿನ ಅವರ ಮನೆಯಲ್ಲಿ ತಂಗಿ ಬನ್ನಿ. ಹಬ್ಬದ ದಿನ ಬೇಡ, ಮಾಮೂಲಿ ದಿನಗಳಲ್ಲೇ ಹೋಗಿ. ಬೆಳಗಿನ ಪ್ರಾರ್ಥನೆ, ಅಡುಗೆಮನೆ ಕೆಲಸ, ಊಟದ ಮೇಜಿನ ಮಾತು ಎಲ್ಲ ನೋಡಿ.

ದೀಕ್ಷಾಸ್ನಾನ ಪತ್ರದಂಥ ದಾಖಲೆ ಕೊನೇ ಗಳಿಗೆಗೆ ಬಿಡಬೇಡಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದು, ಆಗಿನಿಂದಲೂ ಬೇರೆ ಬೇರೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕಥೋಲಿಕ ಮನೆತನಗಳು ಬಹಳ. ನಿಮ್ಮ ದೀಕ್ಷಾಸ್ನಾನ ಮಂಗಳೂರಿನಲ್ಲೋ, ಕೇರಳದಲ್ಲೋ, ತಮಿಳುನಾಡಿನಲ್ಲೋ ದಾಖಲಾಗಿದ್ದರೆ ಪತ್ರ ಅಲ್ಲಿಂದಲೇ ಬರಬೇಕು. ಮದುವೆಗೂ ಅಷ್ಟೇ. ಹೊಸದಾಗಿ ಪಡೆದ ದೀಕ್ಷಾಸ್ನಾನ ಪತ್ರ, ಮದುವೆ ಸಿದ್ಧತಾ ಶಿಬಿರ, ಚರ್ಚಿನಲ್ಲಿ ಪ್ರಕಟಣೆ, ಇವಕ್ಕೆಲ್ಲ ಸಮಯ ಇಟ್ಟುಕೊಂಡೇ ಛತ್ರ ಬುಕ್ ಮಾಡಿ. ಛತ್ರಕ್ಕೆ ಮುಂಗಡ ಕೊಟ್ಟಾಗಿದೆ ಎಂಬ ಕಾರಣಕ್ಕೆ ಮನಸ್ಸಿನ ಸಂಶಯ ನುಂಗಿಕೊಂಡವರು ಮುಂದೆ ನೋಯುತ್ತಾರೆ.

ಲೋಕದ ನಡುವೆಯೇ ಉಳಿಯುವವರ ಕರೆ ಕಡಿಮೆಯದಲ್ಲ. ಕೊಯ್ಲಿನ ಸಂಜೆ ಕಣದಲ್ಲಿ ಕಾಫಿ ಹಣ್ಣಿನ ಚೀಲ ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ಬರೆಯುವ ಅಂಕಿ ನೋಡಿ. ಓದಲು ಬಾರದ ಹೆಂಗಸಿನ ಚೀಲಕ್ಕೂ ಮುಳ್ಳು ನಿಲ್ಲುವ ತನಕ ಕಾದು, ಬಂದ ಕಿಲೋ ಬಂದಷ್ಟೇ ಬರೆದು, ಅವಳಿಗೆ ಓದಿ ಹೇಳಿದರೆ ಆ ರೈಟರ್ ತನ್ನ ದೀಕ್ಷಾಸ್ನಾನವನ್ನು ಅಲ್ಲಿ ಬಾಳುತ್ತಿದ್ದಾನೆ. ಭಾನುವಾರದ ಬಲಿಪೂಜೆ ಅವನಿಗೆ ಇದಕ್ಕೆ ಬಲ ಕೊಡಬೇಕು.

ಮನೆಯವರಿಗೂ ಒಂದು ಮಾತು. ಗುರುಮಠದ ತರಬೇತಿ, ನೊವಿಶಿಯೇಟ್ ಇರುವುದೇ ಪರೀಕ್ಷಿಸಲು. ನಡುವೆ ಹಿಂದಿರುಗಿ ಬಂದ ಮಗನನ್ನೋ ಮಗಳನ್ನೋ 'ಯಾಕೆ ಬಿಟ್ಟು ಬಂದೆ' ಎಂದು ನೆಂಟರೆದುರು ಕೇಳಬೇಡಿ. ಬಂದ ಮೊದಲ ಭಾನುವಾರವೇ ಗಾಯನವೃಂದಕ್ಕೋ ವಾಚನಕ್ಕೋ ಹೆಸರು ಕೊಡಲು ಹೇಳಿ.