ಒಂದು ಹುಲಿ ನಾಲ್ಕಾಗಿತ್ತು: ಹಿಕ್ಕೆಯಿಂದ ಡಿಎನ್‌ಎ ಓದಲು ಕಲಿತ ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದಲ್ಲಿ ಹಿಕ್ಕೆಯ ಡಿಎನ್‌ಎಯಿಂದ ಹುಲಿ ಗುರುತಿಸುವ ನನ್ನ ಕೆಲಸದ ಮೊದಲ ವರ್ಷದ ಪಟ್ಟಿಯ ಪ್ರಕಾರ ಒಂದೇ ಹಳ್ಳದ ಪಕ್ಕದ ದಾರಿಯಲ್ಲಿ ನಾಲ್ಕು ಗಂಡು ಹುಲಿಗಳು ಓಡಾಡುತ್ತಿದ್ದವು. ದಾರಿಯ ಉದ್ದ ಮೂರು ಕಿಲೋಮೀಟರ್ ಅಷ್ಟೇ. ನನ್ನ ಜೊತೆ ಕಾಡು ಸುತ್ತುತ್ತಿದ್ದ ಸೋಲಿಗ ವಾಚರ್ ಅಣ್ಣ ಈ ವಿಷಯ ಕೇಳಿ ತಲೆ ಅಲ್ಲಾಡಿಸಿದರು. "ಇಲ್ಲ ಮೇಡಂ, ಇಲ್ಲಿರೋದು ಒಂದೇ ಗಂಡು. ಇನ್ನೊಂದು ಬಂದಿದ್ರೆ ಕಾದಾಡಿರೋದು, ನಮಗೆ ಗೊತ್ತಾಗಿರೋದು" ಅಂದರು. ಅವರ ಮಾತೇ ಸರಿಯಾಗಿತ್ತು. ಆ ತಪ್ಪು ಹೇಗಾಯಿತು, ಅದನ್ನು ತಿದ್ದಿಕೊಳ್ಳುವಾಗ ಏನು ಕಲಿತೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹುಲಿ ಉಳಿಸುವ ಕೆಲಸದಲ್ಲಿ ಇಂಥ ತಪ್ಪಿಗೆ ತೆರುವ ಬೆಲೆ ಜಾಸ್ತಿ.

ನಮ್ಮಜ್ಜ ಕುರಿ ಸಾಕುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಹಿಂಡಿನ ಬೀಜದ ಟಗರನ್ನು ಬದಲಾಯಿಸುತ್ತಿದ್ದರು. ಟಗರು ಎಷ್ಟೇ ಚೆನ್ನಾಗಿರಲಿ, ಅದನ್ನು ಬೇರೆ ಊರಿನ ಹಿಂಡಿಗೆ ಕೊಟ್ಟು ಅವರದನ್ನು ತರುತ್ತಿದ್ದರು. ಹಾಗೆ ಮಾಡದಿದ್ದರೆ ಅದು ತನ್ನ ಮಕ್ಕಳ ಮೇಲೇ ಬೀಳುತ್ತದೆ, ಹುಟ್ಟುವ ಮರಿ ಸೊರಗುತ್ತದೆ ಅನ್ನುವುದು ಅವರ ಲೆಕ್ಕ. ಕಾಲೇಜಿನಲ್ಲಿ ತಳಿ ವೈವಿಧ್ಯದ, ಅಂದರೆ ಒಂದೇ ಜಾತಿಯ ಪ್ರಾಣಿಗಳ ಡಿಎನ್‌ಎಯಲ್ಲಿರುವ ವ್ಯತ್ಯಾಸದ ಪಾಠ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅಜ್ಜನ ಟಗರು. ಹುಲಿಗೆ ಹಾಗೆ ಬದಲಾಯಿಸಿ ಕೊಡುವವರು ಯಾರೂ ಇಲ್ಲ. ಹೊಸ ರಕ್ತ ಬರಬೇಕಾದರೆ ಯಾವುದೋ ಒಂದು ಹುಲಿ ಇನ್ನೊಂದು ಕಾಡಿನಿಂದ ನಡೆದೇ ಬರಬೇಕು. ಒಂದು ತಲೆಮಾರಿಗೆ ಒಂದೆರಡು ಹುಲಿ ಹೊರಗಿನಿಂದ ಬಂದು ಮರಿ ಮಾಡಿದರೂ ದೊಡ್ಡ ವ್ಯತ್ಯಾಸ ಆಗುತ್ತದೆ.

ಎಣಿಕೆಯಲ್ಲಿ ನಾವು ಚೆನ್ನಾಗಿಯೇ ಇದ್ದೇವೆ. 2006ರಲ್ಲಿ ದೇಶದಲ್ಲಿ 1,411 ಹುಲಿಗಳು ಅಂದಾಜಾಗಿದ್ದವು, 2022ರಲ್ಲಿ 3,682. ಕರ್ನಾಟಕದಲ್ಲೇ 563. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ 2009ರಲ್ಲಿ ತೋರಿಸಿದ ಹಾಗೆ, ಜಗತ್ತಿನ ಹುಲಿಗಳಲ್ಲಿ ಉಳಿದಿರುವ ತಳಿ ವೈವಿಧ್ಯದ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿದೆ. ಇದು ಖುಷಿಯ ಮಾತು. ಆದರೆ 2013ರಲ್ಲಿ ಇನ್ನೊಂದು ಅಧ್ಯಯನ ಬಂತು. ಬೇಟೆಯ ಕಾಲದಲ್ಲಿ ಬ್ರಿಟನ್ನಿನ ಮ್ಯೂಸಿಯಂಗಳಿಗೆ ಹೋದ ಹುಲಿಗಳ ಡಿಎನ್‌ಎಯನ್ನು ಈಗಿನ ಹುಲಿಗಳ ಜೊತೆ ಹೋಲಿಸಿದ್ದರು. ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಹಳೆಯ ಬಗೆಗಳ ಪೈಕಿ ನೂರಕ್ಕೆ 93 ಈಗ ಸಿಗುತ್ತಿಲ್ಲ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸಂಖ್ಯೆ ಮತ್ತೆ ಏರಬಹುದು. ಹೋದ ಬಗೆ ವಾಪಸ್ ಬರುವುದಿಲ್ಲ ಅಲ್ವಾ.

ಈಗ ಕೆಲಸದ ವಿಷಯ. ಕಾಡಿನ ಹುಲಿಯನ್ನು ಹಿಡಿದು ರಕ್ತ ತೆಗೆಯಲು ಆಗುವುದಿಲ್ಲ, ತೆಗೆಯಲೂಬಾರದು. ಹಾಗಾಗಿ ಹಿಕ್ಕೆಯೇ ನಮಗೆ ಗತಿ. ಅದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹುಲಿ ಗಡಿ ಗುರುತು ಮಾಡಲು ಕಾಡಿನ ದಾರಿಯ ಮೇಲೆ, ಕಾಳ್ಗಿಚ್ಚು ಹರಡದಂತೆ ಸವರಿಟ್ಟ ಬೆಂಕಿ ರೇಖೆಯ ಮೇಲೆ ಹಿಕ್ಕೆ ಹಾಕುತ್ತದೆ. ಪಕ್ಕದಲ್ಲಿ ನೆಲ ಕೆರೆದ ಗುರುತು ಇರುತ್ತದೆ. ಒಳಗೆಲ್ಲ ಜಿಂಕೆ, ಕಡವೆ, ಕಾಟಿಯ ಕೂದಲು, ಮೂಳೆ ಚೂರು. ನಮಗೆ ಬೇಕಾದದ್ದು ಹೊರಮೈ. ಹಿಕ್ಕೆ ಕರುಳಿನಿಂದ ಜಾರಿ ಬರುವಾಗ ಒಳಗೋಡೆಯ ಜೀವಕೋಶಗಳು ಅದರ ಮೇಲೆ ತೆಳುವಾಗಿ ಅಂಟಿಕೊಂಡಿರುತ್ತವೆ. ಹೊಸದಾಗಿದ್ದರೆ ಆ ಪದರ ಹೊಳೆಯುತ್ತದೆ.

ಮೊದಮೊದಲು ನಾನು ಹಿಕ್ಕೆಯನ್ನೇ ಪ್ಯಾಕೆಟ್ಟಿಗೆ ಹಾಕಿಕೊಂಡು ಬರುತ್ತಿದ್ದೆ. ಆಮೇಲೆ ಬಿಟ್ಟೆ. ಈಗ ಹತ್ತಿಯ ಕಡ್ಡಿಯನ್ನು ಡಿಎನ್‌ಎ ಕೆಡದಂತೆ ಕಾಯುವ ಬಫರ್ ದ್ರವದಲ್ಲಿ ಅದ್ದಿ ಹೊರಮೈಯನ್ನು ಒರೆಸುತ್ತೇನೆ. ಆ ಕಡ್ಡಿಯನ್ನು ಪುಟ್ಟ ಟ್ಯೂಬಿಗೆ ಹಾಕಿದರೆ ಸಾಕು. ಹಿಕ್ಕೆ ಅಲ್ಲೇ ಉಳಿಯುತ್ತದೆ. ಅದು ಹುಲಿ ಇನ್ನೊಂದು ಹುಲಿಗೆ ಬಿಟ್ಟುಹೋದ ಪತ್ರ. ನಾವು ಓದಬಹುದು, ಎತ್ತಿಕೊಂಡು ಹೋಗುವುದು ಸರಿಯಲ್ಲ ಅಂತ ನನ್ನ ಭಾವನೆ. ಪ್ರತಿ ಸಲ ಹೊಸ ಕೈಗವಸು. ತಾರೀಕು, ಜಿಪಿಎಸ್, ನೆರಳಲ್ಲಿತ್ತಾ ಬಿಸಿಲಲ್ಲಿತ್ತಾ, ಎಷ್ಟು ಹಳೆಯದು ಅಂತ ಬರೆದಿಡಬೇಕು. ಆ ನೆರಳು ಬಿಸಿಲಿನ ಕಾಲಂ ಅನ್ನು ನಾನು ಮೊದಲ ವರ್ಷ ಎಷ್ಟೋ ಸಲ ಖಾಲಿ ಬಿಟ್ಟಿದ್ದೆ. ಮುಂದೆ ಅದೇ ಕಾಡಿತು.

ಲ್ಯಾಬಿನಲ್ಲಿ ಮೊದಲ ಪರೀಕ್ಷೆ, ಇದು ಹುಲಿಯದಾ ಚಿರತೆಯದಾ ಅಂತ. ದೊಡ್ಡ ಚಿರತೆಯ ಹಿಕ್ಕೆ, ಸಣ್ಣ ಹುಲಿಯ ಹಿಕ್ಕೆ ನೋಡಲು ಒಂದೇ ಥರ. ಪ್ರತಿ ಸುತ್ತಿನ ಜೊತೆಗೂ ಒಂದು ಖಾಲಿ ಟ್ಯೂಬ್ ಓಡಿಸುತ್ತೇವೆ, ಅದರಲ್ಲಿ ಡಿಎನ್‌ಎ ಕಂಡರೆ ಎಲ್ಲೋ ಬೆರಕೆ ಆಗಿದೆ ಅಂತ ಅರ್ಥ, ಆ ಸುತ್ತು ಪೂರ್ತಿ ವ್ಯರ್ಥ. ಆಮೇಲೆ ಪಿಸಿಆರ್ ಮಾಡಿ, ಅಂದರೆ ಸಿಕ್ಕ ಚೂರು ಡಿಎನ್‌ಎಯನ್ನು ಓದುವಷ್ಟು ಹೆಚ್ಚಿಸಿಕೊಂಡು, ಒಂದು ಹುಲಿಯಿಂದ ಇನ್ನೊಂದಕ್ಕೆ ಬೇರೆಯಾಗುವ ಡಿಎನ್‌ಎಯ ಜಾಗಗಳನ್ನು ಓದುತ್ತೇವೆ.

ನನ್ನ ತಪ್ಪು ಆಗಿದ್ದು ಇಲ್ಲಿ. ಪ್ರತಿ ಜಾಗದಲ್ಲೂ ಹುಲಿಗೆ ಎರಡು ಪ್ರತಿ ಇರುತ್ತದೆ, ಒಂದು ತಾಯಿಯದು, ಒಂದು ತಂದೆಯದು. ಎರಡೂ ಬೇರೆ ಬೇರೆ ಆಗಿದ್ದರೆ ಎರಡೂ ಕಾಣಬೇಕು. ಆದರೆ ಹಿಕ್ಕೆ ಬಿಸಿಲಲ್ಲಿ ಒಣಗಿದ್ದರೆ, ಮಳೆಗೆ ನೆನೆದಿದ್ದರೆ ಡಿಎನ್‌ಎ ಚೂರುಚೂರು ಆಗಿರುತ್ತದೆ. ಆಗ ಪಿಸಿಆರ್‌ಗೆ ಒಂದೇ ಪ್ರತಿ ಸಿಗುತ್ತದೆ, ಇನ್ನೊಂದು ತಪ್ಪಿಹೋಗುತ್ತದೆ. ನಮ್ಮ ಲ್ಯಾಬಿನಲ್ಲಿ ಇದಕ್ಕೆ ಡ್ರಾಪ್‌ಔಟ್ ಅನ್ನುತ್ತೇವೆ. ಸೋಮವಾರದ ಹಿಕ್ಕೆಯಲ್ಲಿ ಒಂದು ಜಾಗ ತಪ್ಪಿತು, ಗುರುವಾರದ ಹಿಕ್ಕೆಯಲ್ಲಿ ಇನ್ನೊಂದು ಜಾಗ ತಪ್ಪಿತು. ಎರಡನ್ನೂ ಹೋಲಿಸಿದರೆ ಬೇರೆ ಬೇರೆ ಹುಲಿಗಳ ಹಾಗೆ ಕಾಣುತ್ತದೆ. ಹಾಗೆ ಒಂದು ಗಂಡು ನನ್ನ ಪಟ್ಟಿಯಲ್ಲಿ ನಾಲ್ಕಾಗಿತ್ತು.

ಸಂಖ್ಯೆ ತಪ್ಪಿದ್ದು ಸಣ್ಣ ವಿಷಯ. ನನಗೆ ಭಯವಾದದ್ದು ಬೇರೆ. ಹಲವು ಜಾಗಗಳಲ್ಲಿ ಎರಡೂ ಪ್ರತಿ ಒಂದೇ ಥರ ಇರುವುದು ರಕ್ತಸಂಬಂಧದಲ್ಲೇ ಹುಟ್ಟಿದ ಹುಲಿಯ ಲಕ್ಷಣ. ಕೆಟ್ಟುಹೋದ ಹಿಕ್ಕೆಯೂ ಅದೇ ಥರ ಕಾಣುತ್ತದೆ! ಬಿಸಿಲಿಗೆ ಬಿದ್ದ ಹಿಕ್ಕೆಗಳನ್ನೇ ಓದಿದರೆ, ಚೆನ್ನಾಗಿರುವ ಕಾಡಿನ ಹುಲಿಗಳೂ ಒಂದೇ ಮನೆಯವರ ಹಾಗೆ ಕಾಣುತ್ತವೆ. ಆ ಲೆಕ್ಕ ನಂಬಿ ಯಾರಾದರೂ ಹೊರಗಿನ ಹುಲಿಯನ್ನು ತಂದು ಬಿಟ್ಟರೆ? ಒಂದು ಹುಲಿ ನೆಲೆ ಕಳೆದುಕೊಳ್ಳುತ್ತದೆ, ಇನ್ನೊಂದು ಜಗಳದಲ್ಲಿ ಸಾಯಬಹುದು.

ಆ ವರ್ಷದ ಲೆಕ್ಕವನ್ನು ಪೂರ್ತಿ ಪಕ್ಕಕ್ಕಿಟ್ಟು ಒಂದು ಪರೀಕ್ಷೆ ಮಾಡಿದೆವು. ಒಂದು ಮೃಗಾಲಯದಲ್ಲಿ ಚಿಕಿತ್ಸೆಗೆ ಅಂತ ತೆಗೆದಿದ್ದ ಹುಲಿಯ ರಕ್ತ ಸ್ವಲ್ಪ ಸಿಕ್ಕಿತು. ಅದೇ ಹುಲಿಯ ಹಿಕ್ಕೆಯನ್ನು ಎರಡು ಭಾಗ ಮಾಡಿ, ಒಂದನ್ನು ಬಿಸಿಲಲ್ಲಿ, ಒಂದನ್ನು ಮರದ ನೆರಳಲ್ಲಿ ಇಟ್ಟೆ. ದಿನಾ ಬೆಳಗ್ಗೆ ಎರಡನ್ನೂ ಒರೆಸಿದೆ. ರಕ್ತದಲ್ಲಿ ಸರಿಯಾದ ಉತ್ತರ ಮೊದಲೇ ಗೊತ್ತಿತ್ತು. ನೆರಳಿನದು ಸುಮಾರು ದಿನ ತಾಳಿತು. ಬಿಸಿಲಿನದು ಬೇಗ ಹಾಳಾಯಿತು, ಒಂದೊಂದೇ ಪ್ರತಿ ಮಾಯವಾಗುತ್ತಾ ಹೋಯಿತು. ಅದು ಮಾಯವಾಗುವ ಕ್ರಮವನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಧೈರ್ಯ ಬಂತು. ಈಗ ಒಂದು ಜಾಗದಲ್ಲಿ ಒಂದೇ ಥರದ ಪ್ರತಿ ಕಂಡರೆ ನಾಲ್ಕು ಸಲ ಮತ್ತೆ ಓದುತ್ತೇನೆ. ಉದ್ದದ ತುಣುಕು ಬಿಟ್ಟು ಪುಟ್ಟ ಪುಟ್ಟ ತುಣುಕುಗಳನ್ನೇ ಆರಿಸಿಕೊಳ್ಳುತ್ತೇನೆ, ಹರಿದ ಡಿಎನ್‌ಎಯಲ್ಲೂ ಅವು ಉಳಿದಿರುತ್ತವೆ. ಅನುಮಾನ ಇದ್ದರೆ ಆ ಮಾದರಿಯನ್ನು ಬಿಡುತ್ತೇನೆ. ಬೆಟ್ಟ ಹತ್ತಿ ತಂದದ್ದನ್ನು ಬಿಡುವಾಗ ಹೊಟ್ಟೆ ಉರಿಯುತ್ತದೆ, ಆದರೂ ಬಿಡಬೇಕು.

ಇಷ್ಟು ಎಚ್ಚರ ಯಾಕೆ ಅಂದರೆ, ನಿಜವಾಗಿಯೂ ಒಂಟಿಯಾದ ಕಾಡುಗಳು ಇವೆ. ರಾಜಸ್ಥಾನದ ರಣಥಂಬೋರ್ ಹುಲಿಗಳ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ ಓದಿದ ಫಲಿತಾಂಶ 2021ರಲ್ಲಿ ಬಂತು. ಎರಡೂ ಪ್ರತಿ ಒಂದೇ ಆಗಿರುವ ಉದ್ದುದ್ದ ತುಂಡುಗಳು ಅವುಗಳಲ್ಲಿ ಸಿಕ್ಕವು. ಕೆಲವು ಕೆಟ್ಟ ಬದಲಾವಣೆಗಳು ಕಾಲಕ್ರಮದಲ್ಲಿ ತೊಳೆದುಹೋಗಿದ್ದವು, ಉಳಿದವು ಜೋಡಿಯಾಗಿ ಕೂತಿದ್ದವು. ಒಡಿಶಾದ ಸಿಮಿಲಿಪಾಲದ್ದು ಕಣ್ಣಿಗೇ ಕಾಣುವ ಕಥೆ. ಅಲ್ಲಿನ ಹುಲಿಗಳಲ್ಲಿ ಹಲವಕ್ಕೆ ಪಟ್ಟೆಗಳು ದಪ್ಪಗಾಗಿ ಮೈ ಕಪ್ಪಾಗಿದೆ. ಟ್ಯಾಕ್‌ಪೆಪ್ ಅನ್ನುವ ಜೀನಿನಲ್ಲಿ ಆದ ಒಂದೇ ಒಂದು ಬದಲಾವಣೆ ಇದಕ್ಕೆ ಕಾರಣ. ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ಮಾತ್ರ ಮೈ ಕಪ್ಪಾಗುತ್ತದೆ. ಬಣ್ಣದಿಂದಲೇ ಹುಲಿಗೆ ತೊಂದರೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ಅಪರೂಪದ್ದು ಅಲ್ಲಿ ಅಷ್ಟು ಸಾಮಾನ್ಯ ಆಗಿದೆ ಅಂದರೆ ಆ ಕಾಡಿಗೆ ಹೊರಗಿನವರು ಬರುತ್ತಿಲ್ಲ ಅಂತ. ಜನ ಆ ಫೋಟೊ ನೋಡಿ ಸಂಭ್ರಮಿಸುವಾಗ ನನಗೆ ಸಂಕಟವಾಗುತ್ತದೆ.

2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ ಮತ್ತು ಝೀನತ್ ಅನ್ನುವ ಎರಡು ಹೆಣ್ಣು ಹುಲಿಗಳನ್ನು ಸಿಮಿಲಿಪಾಲಕ್ಕೆ ತಂದರು. ಝೀನತ್ ಅಲ್ಲಿ ನಿಲ್ಲದೆ ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳದ ಬಾಂಕುರಾವರೆಗೆ ಹೋಗಿಬಿಟ್ಟಿತು. ಡಿಸೆಂಬರ್ ಕೊನೆಗೆ ಅರಿವಳಿಕೆ ಕೊಟ್ಟು ಹಿಡಿದರು. ಸಿಮಿಲಿಪಾಲಕ್ಕೆ ಬೇರೆ ದಾರಿ ಇರಲಿಲ್ಲ, ತಂದದ್ದು ಸರಿಯೇ. ಆದರೆ ಒಂದು ಕಾಡಿನಿಂದ ಇನ್ನೊಂದಕ್ಕೆ ಹುಲಿ ನಡೆದುಹೋಗುವ ದಾರಿ ಇನ್ನೂ ಉಳಿದಿರುವ ಕಡೆ ಆ ದಾರಿ ಉಳಿಸುವುದೇ ಮೊದಲ ಕೆಲಸ ಅಂತ ನಾನು ನಂಬಿದ್ದೇನೆ. ಬಂಡೀಪುರದಲ್ಲಿ ರಾತ್ರಿ ವಾಹನ ಸಂಚಾರ ನಿಲ್ಲಿಸಿದ್ದರ ಬೆಲೆ ನನಗೆ ಡಿಎನ್‌ಎ ಓದಲು ಕಲಿತ ಮೇಲೆ ಜಾಸ್ತಿ ಅರ್ಥವಾಯಿತು.

ಕೊನೆಗೆ ಒಂದು ಒಳ್ಳೆಯ ಸುದ್ದಿ. ನಾಲ್ಕಾಗಿದ್ದ ಆ ಗಂಡು ಎರಡು ವರ್ಷ ನಮ್ಮ ಕೈಗೆ ಸಿಗಲಿಲ್ಲ. ಸತ್ತಿತೇನೋ ಅಂದುಕೊಂಡಿದ್ದೆ. ಆಮೇಲೆ ಮಲೆ ಮಹದೇಶ್ವರ ಬೆಟ್ಟದ ಕಡೆಯಿಂದ ಬಂದ ಒಂದು ಟ್ಯೂಬಿನಲ್ಲಿ ಅದೇ ಗುರುತು ಬಂತು. ನಂಬಲಿಲ್ಲ. ನಾಲ್ಕು ಸಲ ಓದಿದೆ. ಬೇರೆಯವರ ಕೈಯಲ್ಲೂ ಓದಿಸಿದೆ. ಎಲ್ಲ ಜಾಗವೂ ಕೂಡಿಬಂತು. ಬಿಳಿಗಿರಿರಂಗನ ಬೆಟ್ಟದಿಂದ ಅದು ನಡೆದೇ ಹೋಗಿತ್ತು.

ವಾಚರ್ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. "ಮಾದಪ್ಪನ ಹತ್ರ ಹೋಗವ್ನೆ ಬಿಡಿ" ಅಂದರು. ಮುಂದಿನ ವಾರ ಇಬ್ಬರೂ ಆ ದಾರಿ ಹುಡುಕುತ್ತಾ ನಡೆದೆವು. ಕಾಡು ತೆಳ್ಳಗಾಗುವ ಕಡೆ ಒಂದು ರಾಗಿ ಹೊಲ, ಆಚೆ ಟಾರು ರಸ್ತೆ, ರಸ್ತೆ ಪಕ್ಕ ಲಂಟಾನದ ಪೊದೆ. ಅವರು ಅಲ್ಲೇ ನಿಂತು ಪೊದೆಯ ಒಳಗಿನ ಸಣ್ಣ ಸಂದಿ ತೋರಿಸಿದರು. "ಇಲ್ಲೇ ದಾಟಿರೋದು." ಈ ಬೇಸಿಗೆಯಿಂದ ಆ ಸಂದಿಯ ಎರಡೂ ಕಡೆ ವಾರಕ್ಕೊಮ್ಮೆ ನಡೆದು ಹಿಕ್ಕೆ ಹುಡುಕುತ್ತಿದ್ದೇವೆ. ನೆರಳಾ ಬಿಸಿಲಾ ಅನ್ನುವ ಕಾಲಂ ಅನ್ನು ಈಗ ಅವರೇ ತುಂಬುತ್ತಾರೆ.