ಮೂಗಿಗೆ ಔಷಧದ ನೀರು: ಮನೆಯಲ್ಲೇ ಸೈನಸ್ ತೊಳೆಯುವ ಬಗೆ

ಡಾಕ್ಟರ್ ಚೀಟಿ ಹಿಡಿದು ಔಷಧ ಅಂಗಡಿಗೆ ಹೋದರೆ ಕೌಂಟರಿನ ಹುಡುಗ ಮೊದಲು ಕೇಳುವುದು, 'ಮನ್ಯಾಗ ಮಷಿನ್ ಐತೇನ್ರಿ?' ಬುಡೆಸೊನೈಡ್ (ಬಾವು ಇಳಿಸುವ ಸ್ಟೀರಾಯ್ಡ್) ರೆಸ್ಪ್ಯೂಲ್ ಎಂದರೆ ದಮ್ಮಿನವರು ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರವಾದ ನೆಬ್ಯುಲೈಸರ್‌ಗೆ ಹಾಕಿಕೊಳ್ಳುವ ಔಷಧ ಎಂಬುದು ಅವನ ಲೆಕ್ಕ. ಅದನ್ನು ಉಪ್ಪುನೀರಿಗೆ ಬೆರೆಸಿ ಮೂಗು ತೊಳೆದುಕೊಳ್ಳಲು ಬರೆದಿದ್ದಾರೆ ಎಂದರೆ ಅವನೂ ಚೀಟಿಯನ್ನು ಇನ್ನೊಮ್ಮೆ ನೋಡುತ್ತಾನೆ. ಗಾಬರಿಯಾಗಬೇಕಿಲ್ಲ. ಮೂಗಿನೊಳಗೆ ದುರ್ಮಾಂಸ ಬೆಳೆದವರಿಗೆ, ಸೈನಸ್ (ಮೂಗಿನ ಸುತ್ತಲಿನ ಎಲುಬಿನೊಳಗಿನ ಟೊಳ್ಳು) ಆಪರೇಷನ್ ಆದವರಿಗೆ, ತಿಂಗಳುಗಟ್ಟಲೆ ಮೂಗು ಕಟ್ಟಿಕೊಂಡೇ ಇರುವವರಿಗೆ ಕಿವಿ-ಮೂಗು-ಗಂಟಲು ತಜ್ಞರು ಹೀಗೆ ಬರೆಯುವುದುಂಟು. ಆದರೆ ಔಷಧದ ಪೊಟ್ಟಣದ ಮೇಲೆ ಈ ಬಳಕೆ ಅಚ್ಚಾಗಿರುವುದಿಲ್ಲ. ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ವಾರ ಎಂಬುದನ್ನು ವೈದ್ಯರೇ ಹೇಳಬೇಕು. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಚೀಟಿ ತೋರಿಸಿ ತರುವ ಔಷಧ ಇದಲ್ಲ.

ಬರೀ ಉಪ್ಪುನೀರಿನ ತೊಳೆತಕ್ಕೆ ಚೀಟಿ ಬೇಕಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವರು, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವವರು, ಹುಬ್ಬಳ್ಳಿಯ ಅಗೆದ ರಸ್ತೆಗಳ ಧೂಳಿನಲ್ಲಿ ಬೈಕ್ ಓಡಿಸುವವರು ಸಂಜೆ ಮನೆಗೆ ಬಂದು ಮೂಗು ತೊಳೆದುಕೊಂಡರೆ ಅಷ್ಟರಮಟ್ಟಿಗೆ ಹಗುರಾಗುತ್ತದೆ. ಜಲನೇತಿ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಮೂತಿಯಿರುವ ನೇತಿ ಪಾತ್ರೆಯ ಬದಲು 240 ಮಿಲಿಲೀಟರಿನ ಹಿಚುಕುವ ಬಾಟಲಿ ಬಂದಿದೆ, ಅಷ್ಟೇ.

ಮೊದಲು ನೀರಿನ ಮಾತು

ನಮ್ಮ ಅವಳಿ ನಗರದ ಅನೇಕ ಬಡಾವಣೆಗಳಲ್ಲಿ ಇಂದಿಗೂ ನಳ ಬಂದ ದಿನ ಡ್ರಮ್ಮು, ಕೊಡ, ಸಿಂಟೆಕ್ಸ್ ಎಲ್ಲ ತುಂಬಿಟ್ಟುಕೊಂಡು, ಮತ್ತೆ ನಳ ಬರುವ ತನಕ ಅದನ್ನೇ ಬಳಸುತ್ತೇವೆ. ಆ ನೀರು ಮೂಗಿಗೆ ಬೇಡ. ಹತ್ತಿಪ್ಪತ್ತು ರೂಪಾಯಿ ಕೊಟ್ಟು ತರುವ ಕ್ಯಾನಿನ ಫಿಲ್ಟರ್ ನೀರೂ, ಮನೆಯ ಆರ್‌ಓ ನೀರೂ ಹಾಗೇ ನೇರವಾಗಿ ಬೇಡ. ಕುಡಿದರೆ ಹೊಟ್ಟೆಯ ಆಮ್ಲ ಕೊಲ್ಲುವ ಜೀವಿಗಳನ್ನು ತಡೆಯಲು ಮೂಗಿನ ಮೇಲ್ಭಾಗದಲ್ಲಿ ಅಂಥದ್ದೇನೂ ಇಲ್ಲ. ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ 'ಮಿದುಳು ತಿನ್ನುವ ಅಮೀಬಾ'ಗಳಲ್ಲಿ ಮುಖ್ಯವಾದ ನೆಗ್ಲೇರಿಯಾ ಒಳಹೊಗುವುದು ಮೂಗಿನಿಂದಲೇ. 2011ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ನೇತಿ ಪಾತ್ರೆಗೆ ನಳದ ನೀರು ಹಾಕಿ ಮೂಗು ತೊಳೆದುಕೊಂಡಿದ್ದ ಇಬ್ಬರು ಇದರಿಂದಲೇ ತೀರಿಕೊಂಡರು. ಬಲು ಅಪರೂಪದ ರೋಗ, ನಿಜ. ಆದರೆ ಬಂದರೆ ಉಳಿಯುವವರು ಕಡಿಮೆ. ತಪ್ಪಿಸಿಕೊಳ್ಳಲು ಖರ್ಚಾಗುವುದು ಸ್ವಲ್ಪ ಗ್ಯಾಸ್ ಮಾತ್ರ.

ನೀರು ಕುದಿ ಬಂದ ಮೇಲೆ 3ರಿಂದ 5 ನಿಮಿಷ ಹಾಗೇ ಕುದಿಸಿ, ಮುಚ್ಚಿಟ್ಟು ಆರಿಸಿ. 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಗಿಡಕ್ಕೆ ಹಾಕಿ. ಆರಲೆಂದು ಹಸಿ ನೀರು ಬೆರೆಸಿದರೆ ಕುದಿಸಿದ್ದೆಲ್ಲ ದಂಡ.

ಉಪ್ಪಿಗೆ ಮೂರು ದಾರಿ. ಅಂಗಡಿಯ ಅಳತೆಯ ಸ್ಯಾಶೆ ಎಲ್ಲಕ್ಕಿಂತ ಸುಲಭ. ಮನೆಯಲ್ಲೇ ಮಾಡುವುದಾದರೆ ಅಯೋಡಿನ್ ಇಲ್ಲದ ಶುದ್ಧ ಪುಡಿ ಉಪ್ಪು ಮೂರು ಚಹಾ ಚಮಚ, ಅಡಿಗೆ ಸೋಡಾ ಒಂದು ಚಹಾ ಚಮಚ ಬೆರೆಸಿ ಒಣ ಡಬ್ಬಿಯಲ್ಲಿಡಿ. 240 ಮಿಲಿಲೀಟರ್ ನೀರಿಗೆ ಈ ಪುಡಿ ಒಂದು ಚಹಾ ಚಮಚ, ತಲೆ ಸವರಿದ್ದು. ಉರಿದರೆ ಪುಡಿ ಸ್ವಲ್ಪ ಕಡಿಮೆ ಮಾಡಿ. ಉಪ್ಪೇ ಇಲ್ಲದ ನೀರು ಇನ್ನೂ ಹೆಚ್ಚು ಉರಿಯುತ್ತದೆ. ಮೂರನೆಯದು ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿ. ಅದರ ಮೇಲೆ 0.9% ಸೋಡಿಯಂ ಕ್ಲೋರೈಡ್ ಎಂದಷ್ಟೇ ಇರಬೇಕು. ನೋಡಲು ಅದರಂತೆಯೇ ಇರುವ ಡಿಎನ್‌ಎಸ್ ಬಾಟಲಿಯಲ್ಲಿ ಸಕ್ಕರೆ ಅಂಶ ಇರುತ್ತದೆ, ಅದು ಬೇಡ. ಒಮ್ಮೆ ತೆರೆದ ಬಾಟಲಿಗೂ 24 ಗಂಟೆಯ ಲೆಕ್ಕವೇ.

ಔಷಧ ಬೆರೆಸುವುದು

ರೆಸ್ಪ್ಯೂಲ್ ಎನ್ನುವುದು ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಒಳಗೆ 2 ಮಿಲಿಲೀಟರ್ ಔಷಧ. 0.5 ಮಿಲಿಗ್ರಾಂ, 1 ಮಿಲಿಗ್ರಾಂ ಎರಡೂ ಸಿಗುತ್ತವೆ. ಚೀಟಿಯಲ್ಲಿದ್ದದ್ದೇ ಕೈಗೆ ಬಂದಿದೆಯೇ ಎಂದು ಅಂಗಡಿಯಲ್ಲೇ ಓದಿ ನೋಡಿ. ದಮ್ಮಿನ ಬೇರೆ ಔಷಧಗಳೂ ಇಂಥದ್ದೇ ಕೊಳವೆಯಲ್ಲಿ ಬರುತ್ತವೆ. ಮನೆಯಲ್ಲಿ ಅಜ್ಜನ ನೆಬ್ಯುಲೈಸರ್ ಇದ್ದರಂತೂ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಬುಡೆಸೊನೈಡ್ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಕೊಳವೆಯನ್ನು ಮೆಲ್ಲಗೆ ಅಲುಗಿಸಿ, ನೀರು ಹಾಲಿನ ಛಾಯೆಗೆ ಬಂದ ಮೇಲೆ ತುದಿ ತಿರುವಿ, ಉಗುರು ಬೆಚ್ಚಗಿನ ಉಪ್ಪುನೀರಿಗೆ ಹಿಂಡಿ. ಬಾಟಲಿಯನ್ನೂ ಒಮ್ಮೆ ಅಲುಗಿಸಿ ಕೂಡಲೇ ಬಳಸಿ. ಬೆಳಿಗ್ಗೆ ಬೆರೆಸಿ ಸಂಜೆಗೂ ಇಡುವುದು ಬೇಡ. ಮೂಗಿನ ತುಂಬ ದಪ್ಪ ಸಿಂಬಳ ಇದ್ದರೆ ಮೊದಲೊಮ್ಮೆ ಬರೀ ಉಪ್ಪುನೀರಿನಿಂದ ತೊಳೆದು, ಆಮೇಲೆ ಔಷಧದ ನೀರು. ಇಲ್ಲವಾದರೆ ದುಬಾರಿ ಔಷಧವನ್ನು ಸಿಂಬಳಕ್ಕೆ ಹಚ್ಚಿ ಬಚ್ಚಲಿಗೆ ಬಿಟ್ಟಂತೆ.

ಬಗ್ಗುವ ರೀತಿ

ಔಷಧ ಮುಟ್ಟಿದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ: ನೆಟ್ಟಗೆ ನಿಂತು, ತಲೆ ಹಿಂದಕ್ಕೆ ವಾಲಿಸಿ ನೀರು ಬಿಡುತ್ತಾರೆ. ಅದು ನೇರ ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ, 'ನನಗ ಇದು ಆಗೂದುಲ್ರಿ' ಎಂದು ಬಾಟಲಿ ಮೂಲೆಗೆ ಸೇರುತ್ತದೆ.

ಬೇಸಿನ್ ಮೇಲೆ ಸೊಂಟದಿಂದ ಬಗ್ಗಿ, ಮುಖ ನೆಲ ನೋಡುವಂತಿರಲಿ. ಬಾಯಿ ತೆರೆದು ಬಾಯಿಂದಲೇ ಉಸಿರಾಡಿ. ನುಂಗಬೇಡಿ, ಮಾತಾಡಬೇಡಿ. ಬಾಟಲಿಯ ತುದಿಯನ್ನು ಹೊಳ್ಳೆಗೆ ಸರಿಯಾಗಿ ಕೂರಿಸಿ, ಹದವಾಗಿ ಹಿಚುಕಿ. ನೀರು ಇನ್ನೊಂದು ಹೊಳ್ಳೆಯಿಂದ, ಸ್ವಲ್ಪ ಬಾಯಿಂದಲೂ ಬರುತ್ತದೆ. ಅರ್ಧ ಬಾಟಲಿ ಈ ಕಡೆ, ಅರ್ಧ ಆ ಕಡೆ. ನೇತಿ ಪಾತ್ರೆಯಾದರೆ ಹಿಚುಕುವ ಒತ್ತಡ ಇಲ್ಲದ ಕಾರಣ ತಲೆಯನ್ನು ಪಕ್ಕಕ್ಕೆ ಹೊರಳಿಸಬೇಕು, ಹಣೆ ಮತ್ತು ಗದ್ದ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ. ಕಿವಿ ಗುಂಯ್ ಎಂದರೆ ಒತ್ತಿದ್ದು ಹೆಚ್ಚಾಯಿತು ಎಂದರ್ಥ.

ಆಪರೇಷನ್ ಆಗದವರ ಸೈನಸ್ ಬಾಯಿ ಕೆಲವೇ ಮಿಲಿಮೀಟರ್. ಅಂಥವರಲ್ಲಿ ನೀರು ಮೂಗನ್ನೂ ಆ ಬಾಯಿಯ ಸುತ್ತಮುತ್ತಲನ್ನೂ ತೊಳೆಯುತ್ತದೆ, ಒಳಗಿನ ತನಕ ಹೋಗುವುದು ಕಡಿಮೆ. 'ಸೈನಸ್ ಪೂರ್ತಿ ಕ್ಲೀನ್' ಎನ್ನುವ ಜಾಹೀರಾತನ್ನು ಅಷ್ಟಾಗಿ ನಂಬಬೇಡಿ. ಆಪರೇಷನ್ ಆಗಿ ಬಾಯಿ ಅಗಲವಾದವರಿಗೆ ಒಳಗೂ ತಲುಪುತ್ತದೆ, ಅಲ್ಲೇ ಸ್ವಲ್ಪ ಉಳಿಯಲೂಬಹುದು. ಗಂಟೆ ಕಳೆದ ಮೇಲೆ ಹಿರಿಯರ ಕಾಲಿಗೆ ಬಗ್ಗಿದಾಗ ಮೂಗಿನಿಂದ ಫಳಕ್ಕನೆ ನೀರು ಸುರಿದರೆ ಅದೇ ಇದು, ಕರವಸ್ತ್ರ ಜೇಬಿನಲ್ಲಿರಲಿ. ಹಣೆಯ ಸೈನಸ್ಸಿಗೆ ಔಷಧ ಮುಟ್ಟಬೇಕಿದ್ದರೆ ಮಂಡಿಯೂರಿ ನೆತ್ತಿ ನೆಲದ ಕಡೆ ಇರುವಂತೆ ಬಗ್ಗಲು ವೈದ್ಯರು ಹೇಳಬಹುದು. ವಾಸನೆಯೇ ಹೋದವರಿಗೆ ತೊಳೆತದ ಬದಲು ಹನಿ ಕೊಟ್ಟು, ಮಗ್ಗುಲಾಗಿ ಮಲಗಿ ಗದ್ದ ಮೇಲೆತ್ತಿ ಕೆಲ ನಿಮಿಷ ಇರಲು ಹೇಳುವುದೂ ಉಂಟು. ಕತ್ತಿನ ಎಲುಬು ಸವೆದವರು, ತಲೆ ತಿರುಗುವವರು ಇಂಥ ಭಂಗಿಗೆ ಮುಂಚೆ ಕೇಳಿಕೊಳ್ಳಿ.

ಮುಗಿದ ಮೇಲೆ ಬಗ್ಗಿಯೇ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೀರು ಇಳಿಸಿ. ಎರಡೂ ಹೊಳ್ಳೆ ತೆರೆದಿಟ್ಟು ಮೂಗಿನಿಂದ ಹಗುರಾಗಿ ಗಾಳಿ ಊದಿ ಸಿಂಬಳ ತೆಗೆಯಿರಿ. ಒಂದನ್ನು ಒತ್ತಿ ಹಿಡಿದು ಜೋರಾಗಿ ಊದಿದರೆ ನೀರು ಕಿವಿಗೆ ನುಗ್ಗುತ್ತದೆ. ಮಲಗಲು ಒಂದು ಗಂಟೆಯಾದರೂ ಇರುವಾಗ ಮುಗಿಸಿ. ಬೇರೆ ಸ್ಪ್ರೇ ಇದ್ದರೆ ತೊಳೆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹಾಕಿಕೊಳ್ಳಿ. ಬಾಟಲಿಯನ್ನು ಸೋಪು, ಕುದಿಸಿ ಆರಿಸಿದ ನೀರಿನಿಂದ ತೊಳೆದು ಬಾಯಿ ತೆರೆದೇ ಒಣಗಿಸಿ. ಮೂರು ತಿಂಗಳಿಗೊಮ್ಮೆ ಹೊಸದು ತನ್ನಿ. ಒಬ್ಬರದು ಒಬ್ಬರಿಗೇ.

ನೀಲಗಿರಿ ಎಣ್ಣೆ, ಅರಿಸಿನ, ಕರ್ಪೂರ, ನೋವಿನ ಮುಲಾಮು ಯಾವುದನ್ನೂ ಈ ನೀರಿಗೆ ಸೇರಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬೇರೆಯೇ ಕಾಯಿಲೆ ಶುರುವಾಗುತ್ತದೆ.

ಮೂಗು ಪೂರ್ತಿ ಕಟ್ಟಿ ನೀರು ಆಚೆ ದಾಟದಿದ್ದರೆ, ಕಿವಿ ನೋಯುತ್ತಿದ್ದರೆ, ರಕ್ತ ಬರುತ್ತಿದ್ದರೆ ಆ ದಿನ ಬಿಡಿ. ಕಣ್ಣಿನಲ್ಲಿ ಗ್ಲಾಕೋಮಾ ಇದ್ದರೆ, ಗರ್ಭಿಣಿಯಾಗಿದ್ದರೆ ಔಷಧ ಬರೆಯುವಾಗಲೇ ಹೇಳಿ. ಕಣ್ಣಿನ ಸುತ್ತ ಬಾವು, ಒಂದು ಎರಡಾಗಿ ಕಾಣುವುದು, ಜ್ವರದ ಜೊತೆ ಕತ್ತು ಬಿಗಿಯುವುದು ಕಂಡರೆ ತೊಳೆಯುತ್ತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರ ಮೂಗಿನಿಂದ ಕಪ್ಪು ಹಕ್ಕಳೆ ಬಂದರೂ ಹಾಗೇ. 2021ರಲ್ಲಿ ಕಪ್ಪು ಶಿಲೀಂಧ್ರದ ರೋಗಿಗಳನ್ನು ಹುಬ್ಬಳ್ಳಿಯ ಕಿಮ್ಸ್ ವಾರ್ಡುಗಳಲ್ಲಿ ಕಂಡವರಿಗೆ ಇದನ್ನು ಎರಡನೇ ಸಲ ಹೇಳಬೇಕಿಲ್ಲ.