ಅಟ್ಟದಲ್ಲಿ 14 ವರ್ಷ ಬಿದ್ದಿದ್ದ ಗಾಳದ ರೀಲ್

ನಮ್ಮ ಸೋದರಮಾವ ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಭಾನುವಾರ ಬಂದರೆ ಸಾಕು, ಬೈತಕೋಲ್ ಕಡೆ ಬಂಡೆ ಮೇಲೆ ಕೂತು ಗಾಳ ಹಾಕುತ್ತಿದ್ದರು. ರಿಟೈರ್ ಆಗಿ ಧಾರವಾಡಕ್ಕೆ ಬಂದ ಮೇಲೆ ರಾಡ್ ಯಾರಿಗೋ ಕೊಟ್ಟರು, ಗಾಳದ ದಾರ ಸುತ್ತಿಕೊಳ್ಳುವ ರೀಲನ್ನು ಮಾತ್ರ ಹಳೆ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಹೋದ ದೀಪಾವಳಿಗೆ ಸುಣ್ಣ-ಬಣ್ಣ ಮಾಡಿಸುವಾಗ ಅದು ಕೈಗೆ ಸಿಕ್ಕಿತು. ಹಿಡಿಕೆ ಒಂದು ಕೂದಲಷ್ಟೂ ತಿರುಗಲಿಲ್ಲ. ಅಲ್ಯೂಮಿನಿಯಂ ಬಾಡಿ ಮೇಲೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು, ಉಗುರಿನಿಂದ ಕೆರೆದರೆ ಕೆಳಗೆ ಬರೀ ಬಿಳಿ ಪುಡಿ. ಹಿತ್ತಾಳೆ ಇರುವ ಕಡೆಯೆಲ್ಲ ಹಸಿರು ಕಿಲುಬು.

"ನಾ ಇಡೋವಾಗ ಛಲೋ ಇತ್ತೋ. ಇಲ್ಲೆಲ್ಲಿ ಸಮುದ್ರ ಅದ?" ಅಂದರು ಮಾವ.

ಅವರು ಹೇಳಿದ್ದು ನಿಜವೇ. ರೀಲ್ ಹಾಳಾಗಿದ್ದು ಕಾರವಾರದಲ್ಲಲ್ಲ, ಧಾರವಾಡದಲ್ಲಿ. ಒಳಗೆ ಉಳಿದಿದ್ದ ಉಪ್ಪು ಇಲ್ಲಿಗೂ ಜೊತೆಗೇ ಬಂದಿತ್ತು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಡುತ್ತದಲ್ಲ, ಅದೇ ಕಥೆ. ಗಾಳಿಯಲ್ಲಿ ತೇವ ಶೇಕಡಾ 75ರ ಹತ್ತಿರ ಹೋದರೆ ಅಡುಗೆ ಉಪ್ಪು ತೇವ ಎಳೆದುಕೊಂಡು ಕರಗಲು ಶುರುವಾಗುತ್ತದೆ, ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇರುವುದರಿಂದ ಅದು ಇನ್ನೂ ಬೇಗ. ನಮ್ಮೂರಿನ ಜಿಟಿಜಿಟಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಅಂದರೆ ಹದಿನಾಲ್ಕು ಮಳೆಗಾಲ ಆ ರೀಲ್ ಒಳಗೆ ಉಪ್ಪುನೀರು ಹುಟ್ಟುತ್ತಲೇ ಇತ್ತು.

ಹಾಗಾಗಿ ನಾನು ಎಣ್ಣೆ ಡಬ್ಬಿ ಮುಟ್ಟುವ ಮೊದಲು ಬಕೆಟ್ ತೆಗೆದುಕೊಂಡೆ. ಜಾಮ್ ಆದ ಸಾಮಾನು ಕಂಡರೆ ಎಲ್ಲರೂ ಮೊದಲು ಎಣ್ಣೆ ಸುರಿಯುತ್ತಾರೆ, ನಾನೂ ಮೊದಲೆಲ್ಲ ಹಾಗೇ ಮಾಡುತ್ತಿದ್ದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಅದರ ಮೇಲೆ ಪದರ ಕಟ್ಟಿ ಒಳಗೇ ಉಳಿಸಿಬಿಡುತ್ತದೆ. ಬೇರಿಂಗ್ ಹೇಗೂ ಸತ್ತಿದ್ದವು, ನೀರಿಗೆ ಹೆದರುವಂಥದ್ದು ಏನೂ ಇರಲಿಲ್ಲ. ದಾರ ಸುತ್ತುವ ಉರುಳೆಯನ್ನು, ಅಂದರೆ ಸ್ಪೂಲನ್ನು ಕಿತ್ತು, ಬಾಡಿಯನ್ನು ಎರಡು ಲೀಟರ್ ಬೆಚ್ಚಗಿನ ಆರ್‌ಓ ನೀರಿನಲ್ಲಿ ಮುಳುಗಿಸಿಟ್ಟೆ. ನಳದ ನೀರು ಬೇಡ ಅಂದುಕೊಂಡಿದ್ದು ಯಾಕೆಂದರೆ ಅದರಲ್ಲೇ ಉಪ್ಪಿನಂಶ ಇರುತ್ತದೆ, ರೀಲಿನಿಂದ ಎಷ್ಟು ಬಂತು ಅಂತ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಆರ್‌ಓ ನೀರು ನೋಡುವ ಟಿಡಿಎಸ್ ಮೀಟರ್ ಇದೆ, ಪೆನ್ನಿನಷ್ಟು ಉದ್ದದ್ದು, ನೀರಿನಲ್ಲಿ ಕರಗಿದ ಉಪ್ಪಿನಂಶ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುತ್ತದೆ. ಆರ್‌ಓ ನೀರು 38 ತೋರಿಸುತ್ತಿತ್ತು. ರೀಲ್ ರಾತ್ರಿಯಿಡೀ ನೆನೆದ ಮೇಲೆ ಬೆಳಿಗ್ಗೆ ಅದೇ ನೀರು 640! ಲೆಕ್ಕ ಹಾಕಿ ನೋಡಿ: ಎರಡು ಲೀಟರ್‌ನಲ್ಲಿ ಹೆಚ್ಚು ಕಡಿಮೆ 1.2 ಗ್ರಾಂ, ಚಹಾ ಚಮಚದಲ್ಲಿ ಕಾಲು ಭಾಗದ ಹತ್ತಿರ ಉಪ್ಪು. ನೀರು ಬದಲಿಸಿದೆ. ಮರುದಿನ 210, ಆಮೇಲೆ 95. ಐದನೇ ದಿನ 46ಕ್ಕೆ ಬಂತು, ಆಗ ಮೇಲೆ ತೆಗೆದು ಬಿಸಿಲಿಗಿಟ್ಟೆ.

ಬಿಚ್ಚುವುದು ಆಮೇಲಿನ ಕೆಲಸ. ಪಕ್ಕದ ಮುಚ್ಚಳಕ್ಕೆ ನಾಲ್ಕು ಸ್ಟೀಲ್ ತಿರುಪು. ಮೂರು ಸಲೀಸಾಗಿ ಬಂದವು, ನಾಲ್ಕನೆಯದು ಹಟ ಹಿಡಿಯಿತು. ಸ್ಟೀಲ್ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ ಇದ್ದಂತೆ, ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಹಾಗೆ ಹುಟ್ಟಿದ ಬಿಳಿ ಪುಡಿ ಲೋಹಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ತಿರುಪಿನ ಮರೆಯಲ್ಲಿ, ಅಂದರೆ ಅದರ ಸುರುಳಿ ಗೀರುಗಳಲ್ಲಿ, ಗಾರೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಬಲ ಹಾಕಿದರೆ ತಲೆ ಮುರಿಯುತ್ತದೆ ಅಷ್ಟೇ. ಈಗ ಎಣ್ಣೆಯ ಸರದಿ ಬಂತು. ಜಂಗು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಮೂರು ದಿನ ಹಾಗೇ ಇಟ್ಟೆ. ನಾಲ್ಕನೇ ದಿನ ಎಣ್ಣೆ ಪೂರ್ತಿ ಒರೆಸಿ, ಬೆಸುಗೆ ಹಾಕುವ ಐರನ್ನಿನ ತುದಿಯನ್ನು ತಿರುಪಿನ ತಲೆ ಮೇಲೆ ಎರಡು ನಿಮಿಷ ಹಿಡಿದು, ಬಿಸಿ ಇರುವಾಗಲೇ ಸ್ಕ್ರೂಡ್ರೈವರ್ ಇಟ್ಟು ಹಿಂದೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ತಟ್ಟಿ, ಮೊದಲು ಬಿಗಿ ಮಾಡುವ ಕಡೆಗೆ ಒಂದಿಷ್ಟು, ಆಮೇಲೆ ಸಡಿಲ ಮಾಡುವ ಕಡೆಗೆ. "ಕಿರ್" ಅಂತ ಒಂದು ಸದ್ದು. ಅಡುಗೆಮನೆಯಲ್ಲಿದ್ದ ಅಮ್ಮ "ಏನ್ ಮುರೀತು?" ಅಂತ ಓಡಿ ಬಂದರು. ಮುರಿದಿರಲಿಲ್ಲ, ಬಿಟ್ಟಿತ್ತು.

ಬಿಚ್ಚಿದ ಒಂದೊಂದು ಸಾಮಾನನ್ನೂ ಮೊಟ್ಟೆ ಟ್ರೇಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟೆ, ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ. ಹಳೆ ಗ್ರೀಸ್ ಮೇಣದಂತಾಗಿತ್ತು, ಡೀಸೆಲ್‌ನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದೆ. ಹಿತ್ತಾಳೆಯ ಪುಟ್ಟ ಹಲ್ಲುಚಕ್ರದ (ಪಿನಿಯನ್) ಕಿಲುಬಿಗೆ ಅಮ್ಮ ಪೂಜೆ ಸಾಮಾನು ತಿಕ್ಕುವ ಹುಣಸೆಹಣ್ಣೇ ಸಾಕಾಯಿತು. ಅಮ್ಮ ಅದಕ್ಕೆ ಚಿಟಿಕೆ ಉಪ್ಪು ಸೇರಿಸುತ್ತಾರೆ, ನಾನು ಸೇರಿಸಲಿಲ್ಲ. ಐದು ದಿನ ತೊಳೆದು ತೆಗೆದದ್ದನ್ನು ಮತ್ತೆ ಹಾಕುವುದುಂಟೇ!

ಸ್ಪೂಲ್ ವಿಷಯದಲ್ಲಿ ಮಾತ್ರ ನಾನು ದೊಡ್ಡ ತಪ್ಪು ಮಾಡಿದೆ, ನೀವು ಮಾಡಬೇಡಿ. ಆನೊಡೈಸ್ ಆದ, ಅಂದರೆ ಮೇಲೆ ಬಂಗಾರದ ಬಣ್ಣದ ತೆಳು ರಕ್ಷಣಾ ಪದರ ಇರುವ ಅಲ್ಯೂಮಿನಿಯಂ ಸ್ಪೂಲ್ ಅದು. ಜಿಡ್ಡು ಬೇಗ ಹೋಗಲಿ ಅಂತ ವಾಷಿಂಗ್ ಸೋಡಾ ಹಾಕಿದ ಕುದಿಯುವ ನೀರಿಗೆ ಬಿಟ್ಟೆ. ಬುರುಬುರು ಗುಳ್ಳೆ ಎದ್ದವು. ಕೊಳೆ ಬಿಡುತ್ತಿದೆ ಅಂದುಕೊಂಡು ಖುಷಿಪಟ್ಟೆ. ಐದು ನಿಮಿಷದ ಮೇಲೆ ತೆಗೆದರೆ ಬಂಗಾರದ ಬಣ್ಣ ಪೂರಾ ಹೋಗಿ ಮಂಕು ಕಪ್ಪು ಉಳಿದಿತ್ತು. ಸೋಡಾ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ಗುಳ್ಳೆ ಬಂದದ್ದೂ ಅದಕ್ಕೇ. ಮಾವ ಏನೂ ಅನ್ನಲಿಲ್ಲ, ಆದರೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಸ್ವಲ್ಪ ಪಾತ್ರೆ ಸೋಪು, ಉಗುರು ಬೆಚ್ಚಗಿನ ನೀರು ಸಾಕಿತ್ತು.

ಎರಡು ಬೇರಿಂಗ್ ಬದಲಿಸಬೇಕಾಯಿತು. ವರ್ನಿಯರ್‌ನಲ್ಲಿ ಅಳೆದರೆ ಒಳಗೆ 7, ಹೊರಗೆ 14, ದಪ್ಪ 5 ಮಿಲಿಮೀಟರ್. ಬೇರಿಂಗ್ ಅಂಗಡಿಯಲ್ಲಿ ರೀಲ್ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಈ ಮೂರು ಅಳತೆ ಹೇಳಿದರೆ 687 ಅಂತ ತಕ್ಷಣ ಹೇಳುತ್ತಾರೆ. ಸ್ಟೇನ್‌ಲೆಸ್ ಇರುವುದನ್ನೇ ಕೇಳಿ ತಗೊಳ್ಳಿ. ದಾರ ಹಾಯುವ ಪುಟ್ಟ ರೋಲರ್ ಕೂಡ ಜಾಮ್ ಆಗಿತ್ತು, ತಂಗೂಸಿ ದಾರ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಅದರಲ್ಲಿ ಗೀರು ಬಿದ್ದಿತ್ತು. ಆ ಗೀರನ್ನು ಹಾಗೇ ಬಿಟ್ಟರೆ ಒಳ್ಳೆ ಮೀನು ಬಿದ್ದ ಹೊತ್ತಿಗೇ ದಾರ ಕಡಿಯುತ್ತದೆ. ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯ ಒಂದು ಲೇಥ್ ಅಂಗಡಿಗೆ ಒಯ್ದೆ. "ಇದೇನ್ರಿ ಸರ, ಹೊಲಿಗಿ ಮಷೀನ್ ಸಾಮಾನೇನ್ರಿ?" ಅಂದರು. ಕಥೆ ಹೇಳಿದೆ. 316 ಅನ್ನುವ ಸ್ಟೇನ್‌ಲೆಸ್ ಸ್ಟೀಲ್ ಸರಳಿನ ತುಂಡು ಹುಡುಕಿ, ಹಳೆಯದನ್ನು ನಾಲ್ಕು ಸಲ ಅಳೆದು, ಹೊಸದು ಕಡೆದುಕೊಟ್ಟರು. ಹೊಳಪು ಕೊಟ್ಟ ಮೇಲೆ ತಾವೇ ಅದರ ಮೇಲೆ ಒಂದು ದಾರ ಎಳೆದು ನೋಡಿದರು.

ದೊಡ್ಡ ಮೀನು ಎಳೆದಾಗ ದಾರ ಕಡಿಯದಂತೆ ಅದನ್ನು ಹಿಡಿತದಲ್ಲೇ ಬಿಟ್ಟುಕೊಡುವ ಬ್ರೇಕಿಗೆ ಡ್ರ್ಯಾಗ್ ಅಂತಾರೆ, ಅದರ ಫೆಲ್ಟ್ ವಾಷರ್‌ಗಳು ಹಪ್ಪಳದಂತೆ ಮುರಿದವು. ಎಲ್ಲೂ ಸಿಗಲಿಲ್ಲ. ಕೊನೆಗೆ ನೆನಪಾಗಿದ್ದು ಹಾರ್ಮೋನಿಯಂ. ಧಾರವಾಡದಲ್ಲಿ ಹಾರ್ಮೋನಿಯಂ ರಿಪೇರಿಯವರಿಗೆ ಬರವೇ? ಒಬ್ಬರು ಹಾರ್ಮೋನಿಯಂ ಕೀಗಳಿಗೆ ಹಚ್ಚುವ ಉಣ್ಣೆ ಫೆಲ್ಟ್‌ನ ಒಂದು ತುಂಡು ಸುಮ್ನೆ ಕೊಟ್ಟರು. ಹಳೆ ವಾಷರ್ ಅಳತೆಗೆ ಕತ್ತರಿಸಿ, ಗ್ರೀಸ್ ಹೀರಿಸಿ ಕೂರಿಸಿದೆ. ಗ್ರೀಸ್ ಮಾತ್ರ ಬೋಟ್‌ಗೆ ಹಾಕುವ ಮರೀನ್ ಗ್ರೀಸ್. ಗಿಯರ್, ಬಾಡಿಯ ಒಳಮೈ, ತಿರುಪಿನ ಮರೆ ಎಲ್ಲಕ್ಕೂ ತೆಳ್ಳಗೆ ಹಚ್ಚಿದೆ. ಹಿಮ್ಮುಖ ತಿರುಗದಂತೆ ತಡೆಯುವ ನಾಲಿಗೆಗೆ ಬರೀ ಒಂದು ಹನಿ ಎಣ್ಣೆ, ದಪ್ಪ ಗ್ರೀಸ್ ಬಿದ್ದರೆ ಅದು ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ.

ಪರೀಕ್ಷೆ ನಡೆದದ್ದು ಮಾಳಿಗೆ ಮೇಲೆ. ದಾರ 9 ಕಿಲೋ ತಡೆಯುವಂಥದ್ದು, ಅದರ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಬಿಟ್ಟುಕೊಡಬೇಕು. ಮೂರು ಲೀಟರ್ ನೀರು ತುಂಬಿದ ಕ್ಯಾನ್ ದಾರಕ್ಕೆ ಕಟ್ಟಿ ಗೋಡೆಯಾಚೆ ಇಳಿಬಿಟ್ಟೆ. ನಾಬ್ ಸಡಿಲಿಸುತ್ತಾ ಹೋದೆ. ಕ್ಯಾನ್ ಜರ್ಕ್ ಇಲ್ಲದೆ, ಒಂದೇ ಸಮ, ಮೆಲ್ಲಗೆ ಇಳಿಯಿತು. ಮಾವ ಹಿಡಿಕೆ ತಿರುಗಿಸಿ ತಾವೇ ಅದನ್ನು ಮೇಲೆ ಎಳೆದರು. ಮತ್ತೆ ಇಳಿಬಿಟ್ಟರು. ಮತ್ತೆ ಎಳೆದರು.

ಜನವರಿಯಲ್ಲಿ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ನಾಲ್ಕು ತಾಸಿನ ದಾರಿ, ಇಬ್ಬರೂ ಕಾರವಾರಕ್ಕೆ ಹೋದೆವು. ಮಾವ ನೋಡಿ ಗೊತ್ತಿದ್ದ ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದೆ, ಆ ಕಡೆ ಬಹಳ ಹೊತ್ತು ನೋಡುತ್ತಾ ನಿಂತರು. ಆಮೇಲೆ ಬಂಡೆ ಮೇಲೆ ಕೂತು ಎರಡು ನೋಗ್ಲಿ ಹಿಡಿದರು, ಮಂಗಳೂರು ಕಡೆ ಕಾಣೆ ಅಂತಾರಲ್ಲ, ಅದೇ ಮೀನು. ರೀಲ್ ಎಲ್ಲೂ ತಡವರಿಸಲಿಲ್ಲ.

ರಾತ್ರಿ ಮನೆಗೆ ಬಂದವರು ಊಟಕ್ಕೂ ಮೊದಲು, ಫೆಲ್ಟ್ ಒಳಗೆ ನೀರು ಹೋಗದಂತೆ ಡ್ರ್ಯಾಗ್ ಬಿಗಿ ಮಾಡಿ, ತಂಬಿಗೆಯಿಂದ ಮೆಲ್ಲಗೆ ಆರ್‌ಓ ನೀರು ಹುಯ್ದು ರೀಲ್ ತೊಳೆದೆವು. ಬೋಗುಣಿಗೆ ಬಿದ್ದ ನೀರಿಗೆ ಮಾವನೇ ಮೀಟರ್ ಅದ್ದಿದರು. 310. "ಇನ್ನೊಂದು ತಂಬಿಗಿ ಹಾಕೋ" ಅಂದರು.